ಜಲಪಾತದಿಂದ ಇಳಿದ ಸೊಪ್ಪಿನ ಕಟ್ಟು

"ಈ ಜಲಪಾತ ನೋಡುದಕ್ಕೇ ಅಂತ ಬಂದವರು ನೀವೊಬ್ಬರೇ ಮಾರಾಯ್ರೆ" ಎಂದು ಬೆಳ್ಳಾರೆಯಿಂದ ಜೊತೆಗೆ ಬಂದ ಅದ್ರಾಮ ನಕ್ಕ. ಮೊದಲು ಈ ಕಾಡಿನಲ್ಲಿ ಮರ ಸಾಗಿಸುತ್ತಿದ್ದವ, ಈಗ ಒಣಮೀನು ಮಾರುತ್ತಾನೆ. ಅವನು ಬೀಡಿ ಹಚ್ಚುತ್ತಾ ಕುಳಿತ. ನಾನು ಜಲಪಾತದ ಬುಡದ ನೀರಿಗೆ ಇಳಿದೆ. ಬಳ್ಳಿಯಿಂದ ಬಿಗಿದ ಹಸಿ ಸೊಪ್ಪಿನ ಕಟ್ಟೊಂದು ಮೇಲಿನಿಂದ ಬಿದ್ದು ತೇಲಿ ಬಂತು. ಚೆಂದ ಕಂಡಿತು, ಎತ್ತಿಕೊಂಡೆ.

ಅದ್ರಾಮ ಹಾರಿ ಬಂದು ಕೂದಲು ಹಿಡಿದು ನನ್ನನ್ನು ದಡಕ್ಕೆ ಎಳೆದ. ಬೈಯಲು ಬಾಯಿ ತೆರೆಯುವಷ್ಟರಲ್ಲಿ, ನಾನು ನಿಂತಿದ್ದಲ್ಲಿಗೇ ಭಾರೀ ಮರದ ದಿಮ್ಮಿಯೊಂದು ಬಂದು ಬಿತ್ತು. ಬಂಡೆ ನಡುಗಿತು.

"ಮೇಲೆ ಮರ ಕಡಿಯುವವರು ದಿಮ್ಮಿ ಬಿಡುವ ಮೊದಲು ಸೊಪ್ಪು ಬಿಡುದು! ಈ ಸದ್ದಿನಲ್ಲಿ ಕೂಗಿದ್ರೆ ಯಾರಿಗೆ ಕೇಳ್ತದೆ?" ಎಂದು ಕಿವಿಯಲ್ಲಿ ಅರಚಿದವನು ನನ್ನ ಕೈ ನೋಡಿ ಬಿಳುಚಿಕೊಂಡ. "ಅದನ್ನು ಹಿಡ್ಕೊಂಡದ್ದು ಎಂತಕ್ಕೆ? ದಾರಿಯಲ್ಲಿ ಕಂಡ ಹೆಂಗಸರು ಕೆಳಗೆ ಬಟ್ಟೆ ಒಗಿತಾ ಇದ್ದಾರಲ್ಲ!"

ದಿಮ್ಮಿ ಆಗಲೇ ತಿರುವು ದಾಟಿತ್ತು. ಹೊಳೆಯ ಬದಿಯಲ್ಲೇ ಓಡಿದೆವು. ಜಲಪಾತದ ಸದ್ದು ಹಿಂದೆ ಉಳಿದಂತೆ, ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳಿತು. ಅವರಿಗಿಂತ ತುಸು ಮೇಲೆಯೇ ದಿಮ್ಮಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಹೆಂಗಸರು ತಲೆಯೆತ್ತಿದರು. ದಿಮ್ಮಿಯನ್ನು ಅವರು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕಂಡದ್ದೇ, ಬಟ್ಟೆಯನ್ನು ನೀರಿಗೇ ಬಿಟ್ಟು ದಡಕ್ಕೆ ಹಾರಿದರು.