ಅಕ್ಕನ ಎಲೆ

ಅವಳಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ. ಅಂಚು ಕತ್ತರಿಸಿದಾಗ ಉಳಿಯುವ ದಪ್ಪ ಕಾಗದವನ್ನು ಮಿಕ್ಕವರು ಕಸಕ್ಕೆ ಹಾಕುತ್ತಾರೆ. ಅವಳು ಇಸ್ಪೀಟೆಲೆಗಳಂತೆ ಒಂದೇ ಅಳತೆಗೆ ಕೊಯ್ದು ಚೀಲದಲ್ಲಿಟ್ಟುಕೊಳ್ಳುತ್ತಾಳೆ. ಅದಕ್ಕೇ ಅಲ್ಲಿ ಅವಳು ಇಸ್ಪೀಟು ರಾಣಿ. "ರಾಣಿಯವರೇ, ಅಂಟು ಒಣಗ್ತಾ ಇದೆ, ಸ್ವಲ್ಪ ಇತ್ತ ದಯಮಾಡಿಸಿ" ಎಂದು ಪುಸ್ತಕ ಹೊಲಿಯುವಾಕೆ ಕೂಗಿದರೆ ಇಡೀ ಅಂಗಡಿ ನಗುತ್ತದೆ. ಅವಳೂ ನಗುತ್ತಾಳೆ.

ಆ ಎಲೆಗಳಿಂದ ಅವಳು ಮಾಡುತ್ತಿದ್ದುದು ಮನೆ ಕಟ್ಟುವ ಆಟ. ಶುರುವಿನಲ್ಲಿ ಎಲ್ಲರಿಗೂ ಒಂದೇ ಬಗೆಯ ಬಡ ಎಲೆಗಳು: ಮರಳು, ಕೂಲಿ, ಮತ್ತೆ ಮರಳು. ಅವುಗಳ ಬಲದಿಂದಲೇ, ನಡುವೆ ಹರಡಿರುವ ಗಾರೆಯವನನ್ನೋ ಬಡಗಿಯನ್ನೋ ಕೊಂಡು ತಮ್ಮ ಕಟ್ಟಿಗೆ ಸೇರಿಸಬೇಕು. ಕಟ್ಟು ಖಾಲಿಯಾದರೆ ಆಡಿದ ಎಲೆಗಳನ್ನೇ ಕಲಸಿ ಮತ್ತೆ ಎಳೆಯಬೇಕು. ಮೊದಲು ಮನೆ ಎಬ್ಬಿಸಿದವರದು ಗೆಲುವು. ಒಳ್ಳೆಯ ಎಲೆ ಕೊಂಡರಷ್ಟೇ ಸಾಲದು. ಮರಳಿನಲ್ಲಿ ಹೂತುಹೋದರೆ ಅದು ಬೇಕಾದಾಗ ಕೈಗೆ ಬರುವುದಿಲ್ಲ.

ಎಲೆಯ ತೂಕ ನೋಡಲು ಅವಳದೇ ಒಂದು ಕ್ರಮವಿತ್ತು. ಅದನ್ನು ತೆಗೆದಿಟ್ಟು ಒಂದಾಟ ಆಡುವುದು. ಆಟ ಕುಂಟಿದರೆ ಎಲೆ ಬೇಕು, ಕುಂಟದಿದ್ದರೆ ದಂಡ. ಹೀಗೆ ಬಾವಿ ಹೋಯಿತು, ಗುತ್ತಿಗೆದಾರ ಹೋದ, ಬಸ್ ಓಡಿಸುವ ಗಂಡನಿಗೆ ಪ್ರಾಣವಾಗಿದ್ದ ಲಾರಿಯೂ ಹೋಯಿತು. ಒಂದು ಎಲೆಯನ್ನು ಮಾತ್ರ ಅವಳು ತೆಗೆದು ನೋಡಿರಲಿಲ್ಲ. ಅದು ಅಕ್ಕ.

ಅಕ್ಕ ಕೈಗೆ ಬಂದರೆ ಒಂದು ಮರಳನ್ನು ಆಟದಿಂದಲೇ ಆಚೆಗೆ ಎಸೆದು ಎರಡು ಹೊಸ ಎಲೆ ಎಳೆಯಬಹುದು. ಅವಳು ಮೊಟ್ಟಮೊದಲು ಬರೆದ ಎಲೆ ಅದೇ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಕ್ಕ.

ಆಟವನ್ನು ಆಟದ ಸಾಮಾನಿನ ಅಂಗಡಿಯ ಯಜಮಾನರಿಗೆ ತೋರಿಸಿದಾಗ ಅವರು ಆಡಿ ನೋಡಿ ಹೇಳಿದರು: "ಅಚ್ಚು ಹಾಕಿಸ್ತೀನಮ್ಮ, ಆಟ ಚೆನ್ನಾಗಿದೆ. ಆದ್ರೆ ಈ ಅಕ್ಕ ಸಿಕ್ಕಿದವರೇ ಗೆಲ್ತಾರೆ. ಮಿಕ್ಕವರು ಕೂತು ನೊಣ ಹೊಡೀಬೇಕಾ? ಅದನ್ನ ತೆಗೀರಿ, ಇಲ್ಲಾಂದ್ರೆ ಬೇಡ."

ಅವಳು ಅಕ್ಕನ ಬೆಲೆ ಏರಿಸಿದಳು. ಆಗ ಎಲ್ಲರೂ ಬೇರೆಲ್ಲ ಬಿಟ್ಟು ಅಕ್ಕನನ್ನು ಕೊಳ್ಳಲೆಂದೇ ಕೂಲಿ ಎಲೆಗಳನ್ನು ಗುಡ್ಡೆ ಹಾಕತೊಡಗಿದರು. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಅಕ್ಕನನ್ನು ತೆಗೆದಿಟ್ಟು ಗಂಡನ ಜೊತೆ ಆಡಿದಳು. ಆಟ ಎಲ್ಲೂ ಕುಂಟಲಿಲ್ಲ. ಅವಳದೇ ಕ್ರಮದ ಪ್ರಕಾರ ಎಲೆ ದಂಡ.

ಭಾನುವಾರ ಅಕ್ಕ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

"ಏನೇ, ನನ್ನನ್ನ ಎತ್ತಿ ಹೊರಗೆ ಹಾಕ್ತಿದೀಯಂತೆ?"

"ಅತ್ತಿಗೆ, ನೀವು ಹೋದ ಮನೇನೇ ಗೆಲ್ಲುತ್ತೆ. ಅದೇ ತಕರಾರು" ಎಂದ ಗಂಡ.

"ಹೊಟ್ಟೆಕಿಚ್ಚು ನಿಮಗೆಲ್ಲ. ಹಾಕಿ, ನಾನೂ ಆಡ್ತೀನಿ."

ಅಕ್ಕನ ಎಲೆ ಗಂಡನ ಪಾಲಾಯಿತು. ಅವನ ಮನೆ ಸರಸರನೆ ಎದ್ದಿತು. ಸೋತ ಅಕ್ಕ ಆ ಎಲೆಯನ್ನು ಕಿತ್ತುಕೊಂಡು ಕಣ್ಣ ಹತ್ತಿರ ಹಿಡಿದಳು.

"ಇವಳೇನೇ ಒಂದೇ ಮನೇಲಿ ಬೇರು ಬಿಟ್ಟಿದಾಳೆ? ನಾನು ಯಾವತ್ತು ಹಾಗೆ ಕೂತಿದ್ದೆ? ನಿನ್ನ ಕಾಲು ಮುರಿದಾಗ ಇಲ್ಲಿದ್ದೆ. ನೀನು ಎದ್ದು ಓಡಾಡೋ ಹೊತ್ತಿಗೆ ಚಿಕ್ಕಮ್ಮ ಕರೆದ್ರು, ಹೋದೆ. ಅಲ್ಲಿಂದ ತಮ್ಮನ ಮನೆ. ಇವಳು ನಾನಲ್ಲ ಬಿಡು, ತೆಗೆದುಹಾಕು."

ತಂಗಿ ಪೆನ್ಸಿಲ್ ತೆಗೆದುಕೊಂಡು ಎಲೆಯ ಕೆಳಗೆ ಒಂದು ಸಾಲು ಸೇರಿಸಿದಳು: ಕೆಲಸ ಮುಗಿದ ಮೇಲೆ ಎಡಗಡೆಯವರ ಕಟ್ಟಿಗೆ.

ಮತ್ತೆ ಹಂಚಿದರು. ಈ ಸಲವೂ ಅಕ್ಕನನ್ನು ಕೊಂಡವನು ಗಂಡನೇ. ಆದರೆ ಎಲೆ ಕೆಳಗಿಡಲು ಅವನಿಗೆ ಕೈ ಬರಲಿಲ್ಲ. ಎಡಕ್ಕೆ ಹೆಂಡತಿ ಕೂತಿದ್ದಳು, ಅವಳ ಮನೆಗೆ ಛಾವಣಿಯೊಂದೇ ಬಾಕಿ.

"ಕಳಿಸಪ್ಪಾ, ನನಗೆ ಹೊತ್ತಾಯ್ತು" ಎಂದಳು ಅಕ್ಕ.

ಮರುವಾರ ಆಟದ ಸಾಮಾನಿನ ಅಂಗಡಿಯ ಯಜಮಾನರು ತಂಗಿಯನ್ನು ಎಡಕ್ಕೂ ತಮ್ಮ ಮಗಳನ್ನು ಬಲಕ್ಕೂ ಕೂರಿಸಿಕೊಂಡು ಆಡಿದರು. ಅಕ್ಕ ಮೂವರ ಹತ್ತಿರವೂ ಬಂದಳು, ಹೋದಳು. ಯಜಮಾನರು ಸೋತರು. ಮತ್ತೆ ಎಲೆಗಳನ್ನು ಕಲಸತೊಡಗಿದರು.

"ಸಾರ್, ಅಕ್ಕ ಇರ್ಲಾ?"

"ಇರ್ಲಮ್ಮ, ಇರ್ಲಿ. ಈ ಸಲ ನೀವು ನನ್ನ ಬಲಗಡೆ ಕೂತ್ಕೊಳ್ಳಿ."