ಮೂವತ್ತು ಪೌಂಡಿನ ಗಟ್ಟಿಂಗ್

ಗಟ್ಟಿಂಗ್ ಎಂದರೆ ಗಟ್ಟಿಯಾಗಿ ಎಳೆದು ಹಾಕುವುದು ಎಂದೇ ನಾನು ನಂಬಿದ್ದೆ. ಮೂರು ವರ್ಷದ ಹಿಂದೆ, ದೊಡ್ಡಬಳ್ಳಾಪುರದ ನನ್ನ ಪುಟ್ಟ ಸ್ಪೋರ್ಟ್ಸ್ ಅಂಗಡಿಯಲ್ಲಿ ಕೂತು, ಈ ಮಹಾಜ್ಞಾನದಿಂದಲೇ ಒಬ್ಬ ಹುಡುಗಿಯ ಮಣಿಕಟ್ಟನ್ನು ಹೆಚ್ಚುಕಡಿಮೆ ಮುರಿದಿದ್ದೆ. ಗಟ್ಟಿಂಗ್ ಅಂದರೆ ಬ್ಯಾಡ್ಮಿಂಟನ್ ರಾಕೆಟ್ಟಿಗೆ ದಾರ ಕಟ್ಟುವ ಕೆಲಸ. ದಾರದ ಬಿಗಿಯನ್ನು ಪೌಂಡಿನಲ್ಲಿ ಹೇಳುತ್ತಾರೆ. ಇಷ್ಟು ಗೊತ್ತಿದ್ದುದಕ್ಕೇ ಬೋರ್ಡಿನ ಮೇಲೆ ‘ಎಕ್ಸ್‌ಪರ್ಟ್’ ಎಂದು ಬರೆಸಿಕೊಂಡಿದ್ದೆ.

ತಪ್ಪು ಪೂರ್ತಿ ನನ್ನದಲ್ಲ, ಸ್ವಲ್ಪ ನಮ್ಮ ಮನೆಯ ಮಗ್ಗದ್ದು. ಉದ್ದಕ್ಕೆ ಹಾಸಿದ ನೂಲು ಸಡಿಲವಾದರೆ ಸೀರೆ ಕೆಟ್ಟಿತು ಎಂದು ಕೇಳಿಕೊಂಡೇ ಬೆಳೆದವನಿಗೆ ಬಿಗಿಯಾಗಿರುವುದೆಲ್ಲ ಒಳ್ಳೆಯದೇ.

ಆ ಹುಡುಗಿ ಚೈತ್ರ, ಪಕ್ಕದ ಬೀದಿಯ ನೇಕಾರರ ಮಗಳು. ಓಟದಲ್ಲಿ ಜಿಂಕೆ. ತೋಳಿನಲ್ಲಿ ಮಾತ್ರ ಬಲವಿಲ್ಲ. ಹಿಂದಿನ ಗೆರೆಯಿಂದ ಹೊಡೆದರೆ ಶಟಲ್ ನೆಟ್ ದಾಟಿ ಅಲ್ಲೇ ಸುಸ್ತಾಗಿ ಬೀಳುತ್ತಿತ್ತು.

“ಅಣ್ಣ, ಮುಂದಿನ್ ತಿಂಗ್ಳು ಜಿಲ್ಲಾ ಸೆಲೆಕ್ಷನ್ನು. ಈ ಸಲ ಆಗ್ಲಿಲ್ಲ ಅಂದ್ರೆ ಆಟ ಬಿಟ್ಬಿಡು ಅಂದವ್ರೆ ಮನೇಲಿ. ಪವರ್ ಬರೋ ಬ್ಯಾಟ್ ಕೊಡಣ್ಣ.”

ಅದೇ ವಾರ ನನ್ನೆದುರಿಗೇ ಕಿರಣ್ ಎಂಬುವವನು ಅಂಗಡಿ ತೆರೆದಿದ್ದ. ಅವನದು ಕರೆಂಟಿನ ಗಟ್ಟಿಂಗ್ ಮೆಷಿನ್ನು, ಅದಕ್ಕೊಂದು ಪರದೆ, ಬಿಗಿ ಸರಿಯಾದಾಗ ‘ಪೀಂ’ ಎನ್ನುತ್ತಿತ್ತು. ಆ ‘ಪೀಂ’ ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನ್ನದು ಕೈಯಲ್ಲಿ ತಿರುಗಿಸುವ ಮೆಷಿನ್ನು; ಕಿರ್ ಎನ್ನುತ್ತದೆ. ಅವನು ಯಾರಿಗೋ ಇಪ್ಪತ್ತೆಂಟು ಪೌಂಡ್ ಹಾಕಿದ್ದನ್ನು ಸ್ಟೇಟಸ್‌ನಲ್ಲಿ ಹಾಕಿದ್ದ. ಬಿಡುತ್ತೀನಾ? ಅಂಗಡಿಯಲ್ಲಿದ್ದ, ನಡುವಿನ ಕೋಲು, ಅಂದರೆ ಶಾಫ್ಟು, ಕಬ್ಬಿಣದ ಸರಳಿನಂತಿದ್ದ ರಾಕೆಟ್ ತೆಗೆದು ಮೂವತ್ತು ಪೌಂಡ್ ಎಳೆದೆ. ಮಗು ಕೈಗೆ ಒನಕೆ ಕೊಟ್ಟು ಕಳಿಸಿದೆ.

ಹತ್ತು ದಿನಕ್ಕೆ ಚೈತ್ರ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಕಿರಣ್ ಅಂಗಡಿಯ ಮೆಟ್ಟಿಲು ಹತ್ತಿದಳು. ನಾನು ಗಾಜಿನ ಹಿಂದೆ ನಿಂತು ನೋಡಿದೆ. ಅಲ್ಲಿ ಆ ರಾಕೆಟ್ಟಿಗೆ ಬೇರೆ ದಾರ ಕಟ್ಟಿಸಿಕೊಳ್ಳುತ್ತ ಮೂರು ಸಲ ನಕ್ಕಳು. ನನ್ನ ಅಂಗಡಿಯಲ್ಲಿ ಒಂದು ಸಲವೂ ನಕ್ಕಿರಲಿಲ್ಲ.

ಮರುದಿನ ಹೆಲ್ಮೆಟ್ ಹಾಕಿಕೊಂಡು, ಅಪರಿಚಿತ ಗಿರಾಕಿಯ ದನಿ ಮಾಡಿ, ಅವನ ಅಂಗಡಿಗೆ ಗೂಢಚಾರಿಕೆಗೆ ಹೋದೆ.

“ಪವರ್ ಇಲ್ದೋರಿಗೆ ಯಾವ್ ಬ್ಯಾಟು?” ಎಂದೆ.

“ಹಗುರದ್ದು, ಶಾಫ್ಟ್ ಬಗ್ಗಬೇಕು, ತಲೆ ಕಡೆ ಸ್ವಲ್ಪ ತೂಕ. ಇಪ್ಪತ್ತೊಂದು ಪೌಂಡ್ ಸಾಕು. ದಾರ ಸಡಿಲ ಇದ್ರೆ ದಾರಾನೇ ಶಟಲ್‌ನ ಚಿಮ್ಮಿಸುತ್ತೆ. ಬಿಗಿ ದಾರ ತೋಳಿರೋರಿಗೆ,” ಎಂದ. ಆಮೇಲೆ, “ಗುರು, ಹೆಲ್ಮೆಟ್ ತೆಗಿ, ಸೆಕೆ ಐತೆ. ಎದುರಂಗ್ಡಿಯವ್ನು ತಾನೆ? ಟೀ ಕುಡೀತೀಯಾ?”

ಕುಡಿದೆ. ಟೀ ಕೂಡ ಚೆನ್ನಾಗಿತ್ತು, ಅದಕ್ಕೂ ಉರಿಯಿತು.

ಬಂದವನೇ ಒಂದು ಹಗುರದ ರಾಕೆಟ್ಟಿಗೆ ಎಣಿಸಿ ಇಪ್ಪತ್ತೊಂದೇ ಪೌಂಡ್ ಹಾಕಿದೆ. ಮುಂದಿನ ತಿಂಗಳು, ನನಗೂ ಬರುತ್ತದೆ ಎಂದು ಚೈತ್ರಳಿಗೆ ತೋರಿಸಲು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ದೇವನಹಳ್ಳಿಯ ಸೆಲೆಕ್ಷನ್ನಿಗೆ ಹೋದೆ. ನಿಜ ಹೇಳಬೇಕೆಂದರೆ, ಕಿರಣ್ ಕಟ್ಟಿದ ದಾರ ಕಿತ್ತುಹೋಗಲಿ ಎಂದು ಹರಕೆ ಹೊರಲು ಹೋಗಿದ್ದೆ.

ದೇವರಿಗೆ ಅವತ್ತು ಬೇರೆ ಕೆಲಸವಿರಲಿಲ್ಲ. ಕೊನೆಯ ಗೇಮು, ಇಬ್ಬರದೂ ಹದಿನೆಂಟು, ಟಪ್ ಎಂದಿತು ದಾರ. ಅವಳ ಬಳಿ ಇನ್ನೊಂದು ರಾಕೆಟ್ ಇರಲಿಲ್ಲ. ಬೆಂಚಿನ ಕಡೆ, ಬಾಗಿಲ ಕಡೆ ನೋಡಿದಳು. ಅಂಗಡಿ ಬಿಡಲಾಗದೆ ಕಿರಣ್ ಬಂದಿರಲಿಲ್ಲ. ನಾನು ಬ್ಯಾಗಿನ ಜಿಪ್ ಮೇಲೆ ಕೈಯಿಟ್ಟು ಕೂತೇ ಇದ್ದೆ. ಇವಳು ಸೋತರೆ ‘ಪೀಂ’ ಮೆಷಿನ್ನಿನ ಮಾನ ಊರೆಲ್ಲ ಹರಾಜಾಗುತ್ತದೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಅಷ್ಟರಲ್ಲಿ ಅವಳು ಮಣಿಕಟ್ಟು ಉಜ್ಜಿಕೊಂಡಳು. ಆ ನೋವು ಕಿರಣ್ ಕೊಟ್ಟದ್ದಲ್ಲ.

“ಲೇ ಚೈತ್ರಾ, ತಗೋಳೇ!” ಎಂದು ಎಸೆದೆ.

ಮೊದಲ ಹೊಡೆತಕ್ಕೇ ಶಟಲ್ ಈ ಗೆರೆಯಿಂದ ಆ ಗೆರೆಯವರೆಗೆ ಹೋಯಿತು. ಇಪ್ಪತ್ತೊಂದು–ಹತ್ತೊಂಬತ್ತು. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಎಷ್ಟು ಪೌಂಡ್ ಎಂಬುದನ್ನು ಆಡುವವರ ತೋಳನ್ನು ಕೇಳಬೇಕು, ಕಟ್ಟುವವನ ಹೊಟ್ಟೆಕಿಚ್ಚನ್ನಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಇದನ್ನು ಗಂಭೀರವಾಗಿ ಹೇಳಿ ದೊಡ್ಡವನಾಗೋಣ ಎಂದು ಹತ್ತಿರ ಹೋಗಿ, “ನಾನೇ ಕಟ್ಟಿದ್ದು,” ಎಂದು ಶುರು ಮಾಡಿದೆ. ಚೈತ್ರ ದಾರದ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿ ನಕ್ಕಳು.

“ಸುಳ್ಳು ಹೇಳ್ಬೇಡಣ್ಣ. ಇದನ್ನ ಕಿರಣಣ್ಣನ ಕೈಲಿ ಹಾಕಿಸ್ಕೊಂಡ್ ಬಂದಿದೀಯ ತಾನೆ?”