ಇಂಗಾಲ ಅಂದರೆ ಹಿಂಗಾಲ ಹಿಡಿದರು

ಹೋದ ವರ್ಷ ದೀಪಾವಳಿ ಮುಗಿದು ಕಬ್ಬಿನ ಸೀಜನ್ ಆಗಷ್ಟೇ ಶುರುವಾಗಿತ್ತು. ನಮ್ಮೂರು ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು. ನನ್ನ ಉಚ್ಚಾರದ ಬಗ್ಗೆ ನನಗೆ ಜಂಬ ಸ್ವಲ್ಪ ಜಾಸ್ತಿಯೇ. ಮಕ್ಕಳು 'ಹ'ಕಾರ ಇರುವಲ್ಲಿ ಬಿಟ್ಟು, ಇಲ್ಲದ ಕಡೆ ಸೇರಿಸಿದರೆ ಮೈಯೆಲ್ಲ ಉರಿಯುತ್ತದೆ. ಸರಿಯಾಗಿ ಹೇಳಿಸುವವರೆಗೆ ಬಿಡುವವಳಲ್ಲ. "ನಿನ್ನ ಕೈಯಾಗ ಸಿಕ್ಕ ಹುಡುಗೂರ ಪಾಡು ಆ ದೇವರಿಗೇ ಗೊತ್ತು" ಎಂದು ನಮ್ಮ ಯಜಮಾನರು ಚುಡಾಯಿಸುತ್ತಾರೆ. ಅವರದು ಒಕ್ಕಲುತನ.

ಹತ್ತಿರದ ಸಕ್ಕರೆ ಕಾರ್ಖಾನೆಯವರು ಆಗ ಊರಿನ ಜನರ ಸಭೆ ಕರೆದಿದ್ದರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಇಥೆನಾಲ್ ಮಾಡುತ್ತಾರಲ್ಲ, ಆ ಕಾಕಂಬಿ ದೊಡ್ಡ ದೊಡ್ಡ ಟಾಕಿಗಳಲ್ಲಿ ಹುಳಿಯುವಾಗ ಇಂಗಾಲದ ಡೈಆಕ್ಸೈಡ್ ಏಳುತ್ತದಂತೆ. ಅದನ್ನು ಆಕಾಶಕ್ಕೆ ಬಿಡದೆ ಹಿಡಿಯುವ ಯಂತ್ರ ಕೂರಿಸುವವರಿದ್ದರು. ಇಂಜಿನಿಯರಿಗೆ ಕನ್ನಡ ಬಾರದು. ಅವರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿಕೊಡಿ ಎಂದು ನನ್ನನ್ನು ಕೇಳಿದರು. ನನಗೆ ಒಳಗೊಳಗೇ ಖುಷಿ. ಇಸ್ತ್ರಿ ಮಾಡಿದ ಇಳಕಲ್ಲ ಸೀರೆ ಉಟ್ಟುಕೊಂಡು ಹೋದೆ.

"ಈ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಉಸಿರಾಡುವ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ಆಕಾಶದಲ್ಲಿ ಇದು ಹೆಚ್ಚಾದಂತೆ ಭೂಮಿ ಕಾಯುತ್ತದೆ, ಮಳೆಯ ಲೆಕ್ಕ ತಪ್ಪುತ್ತದೆ. ಅದಕ್ಕೇ ಈ ಯಂತ್ರ ಇಂಗಾಲ ಹಿಡಿಯುತ್ತದೆ" ಎಂದು ಮೈಕಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ.

ಹಿಂದಿನ ಸಾಲಿನಿಂದ ಬೀರಪ್ಪ ಕಾಕಾ ಎದ್ದು ನಿಂತರು. ಕುರಿ ಕಾಯುವ ಮನುಷ್ಯ, ಹೆಗಲ ಮೇಲೆ ಸದಾ ಒಂದು ಕರಿ ಕಂಬಳಿ. "ಅಕ್ಕೋರ, ಹಿಂಗಾಲ ಹಿಡಿಯೂದು ನಮಗ ಹುಟ್ಟಿದಾಗಿಂದ ಬರತೈತ್ರಿ. ಅದಕ್ಯಾಕ ಮಷಿನ್ ಬೇಕ್ರಿ?"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನ್ನ ಮುಖ ಕೆಂಪಗಾಯಿತು. "ಕಾಕಾ, ಹಿಂಗಾಲಲ್ಲ. ಇಂಗಾಲ. ಇ, ಇ!" ಎಂದೆ, ಥೇಟ್ ತರಗತಿಯಲ್ಲಿ ಹೇಳುವ ಹಾಗೆ. ಜನ ಇನ್ನೂ ಜೋರಾಗಿ ನಕ್ಕರು.

ಕಾಕಾ ಮಾತ್ರ ನಗಲಿಲ್ಲ. "ಆತ್ರಿ, ಇಂಗಾಲನ ಆಗವಲ್ದ್ಯಾಕ. ಹಿಡದ ಮ್ಯಾಲ ಎಲ್ಲಿ ಕಟ್ಟತೀರಿ?"

ಸೋಡಾ, ಕೂಲ್‌ಡ್ರಿಂಕ್ಸ್ ಮಾಡುವವರಿಗೆ ಮಾರುತ್ತೇವೆ ಎಂದರು ಇಂಜಿನಿಯರು. "ಸೋಡಾ ಕುಡದ್ರ ತೇಗು ಬರತೈತಿ. ಅಲ್ಲಿಗೆ ಮತ್ತ ಹೊರಗ ಬಂತಲ್ರಿ!" ಎಂದು ಯಾರೋ ಕೂಗಿದರು. ನಾನದನ್ನು ಹಿಂದಿಯಲ್ಲಿ ಹೇಳಿದಾಗ ಇಂಜಿನಿಯರೂ ನಕ್ಕುಬಿಟ್ಟರು. ಹೌದು, ಸೋಡಾದಿಂದ ಹವೆಗೆ ಅಷ್ಟೇನೂ ಲಾಭವಿಲ್ಲ ಎಂದು ಒಪ್ಪಿಕೊಂಡರು. ಖರೆ ಉಪಯೋಗ ಆಗಬೇಕಾದರೆ ಅದನ್ನು ನೆಲದ ಆಳದಲ್ಲಿ, ಕಲ್ಲಿನ ಪದರಿನ ಕೆಳಗೆ ಇಳಿಸಿ ಬಾಯಿ ಮುಚ್ಚಬೇಕು, ಮುಂದೆ ಒಂದು ದಿನ ಅದೂ ಆಗಬಹುದು ಎಂದರು.

"ನೆಲದಾಗ ಇಟ್ಟ ಮ್ಯಾಲ ಕಾಯವ್ರ ಯಾರ್ರಿ?" ಕಾಕಾ ಇನ್ನೂ ನಿಂತೇ ಇದ್ದರು. ಅಷ್ಟರಲ್ಲಿ ಚಹಾ, ಚುರುಮುರಿ ಬಂದವು. ಆ ಪ್ರಶ್ನೆಯನ್ನು ನಾನು ಹಿಂದಿಗೆ ತರಲೇ ಇಲ್ಲ.

ಮನೆಗೆ ಬರುವಾಗ ಯಜಮಾನರು, "ಬಿಡವ್ರೂ ಅವರ, ಹಿಡಿಯವ್ರೂ ಅವರ. ನಡುವ ನಿಂದೊಂದು ಹಿಂಗಾಲ" ಎಂದು ದಾರಿಯುದ್ದಕ್ಕೂ ನಕ್ಕರು. ಆ ದಿನ ಅವರಿಗೆ ರೊಟ್ಟಿ ಬಡಿದು ಹಾಕುವಷ್ಟೂ ಮನಸ್ಸಿರಲಿಲ್ಲ ನನಗೆ.

ಅದಾದ ನಂತರದ ರವಿವಾರ. ಕಬ್ಬು ಕಡಿದ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಬೀರಪ್ಪ ಕಾಕಾನ ಕುರಿ ನಿಲ್ಲಿಸಿದ್ದೆವು. ಹೊಲ ಮನೆಯ ಹಿತ್ತಲಿಗೇ ಅಂಟಿಕೊಂಡಿದೆ. ಹಿತ್ತಲಿನಲ್ಲಿ ನಮ್ಮದೊಂದು ಹಳೆಯ ಹಗೇವು ಇದೆ. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಬಹಳ ವರ್ಷ ಖಾಲಿ ಬಿದ್ದಿತ್ತು. ಅತ್ತೆಯವರು ಹಟ ಹಿಡಿದದ್ದಕ್ಕೆ ಆ ವರ್ಷ ಬಿಳಿಜೋಳ ತುಂಬಿದ್ದೆವು. ಮಳೆಗಾಲದಲ್ಲಿ ನೀರು ಇಳಿದಿದೆಯೇನೋ ಎಂಬ ಅನುಮಾನ ಬಂದು, ಯಜಮಾನರು ಮಧ್ಯಾಹ್ನ ಬಾಯಿಯ ಚಪ್ಪಡಿ ಸರಿಸಿ ನೋಡಿದರು. ಹುಳಿ ವಾಸನೆ ಬಂತು. "ಛೇ, ಜೋಳ ಕೆಟ್ಟಾವು" ಎಂದು ಗೊಣಗುತ್ತ ಬ್ಯಾಟರಿ ತರಲು ಒಳಗೆ ಬಂದರು.

ಅತ್ತೆಯವರು ರಬಕವಿಗೆ ಮಗಳ ಮನೆಗೆ ಹೋಗಿದ್ದರು. ಇದ್ದಿದ್ದರೆ ಚಪ್ಪಡಿಗೆ ಕೈ ಹಚ್ಚಲೂ ಬಿಡುತ್ತಿರಲಿಲ್ಲ. "ಹಗೇವು ತಗದ ದಿನ ಒಳಗ ಇಣುಕಬ್ಯಾಡ್ರಿ, ದೆವ್ವ ಉಸಿರು ಕಟ್ಟಸತೈತಿ" ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ನಾವಿಬ್ಬರೂ ನಕ್ಕು ಸುಮ್ಮನಾಗುತ್ತಿದ್ದೆವು.

ಯಜಮಾನರು ಒಳಗೆ ಬಂದದ್ದೇ ತಡ, ಎಲ್ಲಿಂದಲೋ ಜಿಗಿಯುತ್ತ ಬಂದ ಕುರಿಮರಿಯೊಂದು ಹಗೇವಿನೊಳಗೆ ಬಿದ್ದಿತು. ನಾನು ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಮರಿ ಎರಡು ಸಲ ಕೂಗಿತು. "ರೀ, ಮರಿ ಬಿತ್ತರೀ!" ಎಂದೆ. ಅವರು ಓಡಿ ಬಂದರು. ಹಗೇವಿನಲ್ಲಿ ಅರ್ಧಕ್ಕಿಂತ ಮೇಲೆ ಜೋಳವಿದ್ದುದರಿಂದ ಮರಿ ಬಹಳ ಆಳಕ್ಕೇನೂ ಬಿದ್ದಿರಲಿಲ್ಲ. ಅವರು ಬೋರಲಾಗಿ ಮಲಗಿ, ತಲೆ, ಹೆಗಲು ಒಳಗೆ ಹಾಕಿ ಕೈ ಚಾಚಿದರು. "ಸಿಕ್ತು, ಸಿಕ್ತು, ಒಂಚೂರು" ಎಂಬ ದನಿ ಒಳಗಿನಿಂದ ಕೇಳಿಸಿತು. ಬೀರಪ್ಪ ಕಾಕಾ ಕೂಡ ಮರಿಯ ಕೂಗು ಕೇಳಿ ಬೇಲಿ ದಾಟಿ ಬರುತ್ತಿದ್ದರು.

ಆಗ ನನಗೆ ಹೊಳೆದದ್ದು ಒಂದೇ. ಮರಿ ಕೂಗುವುದನ್ನು ನಿಲ್ಲಿಸಿತ್ತು. ಬಿದ್ದ ಮರಿ ಹಾಗೆ ಸುಮ್ಮನಿರುವುದಿಲ್ಲ. ನೋಡನೋಡುತ್ತಿದ್ದಂತೆ ಇವರ ಮಾತೂ ನಿಂತಿತು. ಹುಳಿತ ಜೋಳ, ತಗ್ಗು, ಗಾಳಿಗಿಂತ ಭಾರ. ಸಭೆಯಲ್ಲಿ ನಾನೇ ಗಿಣಿಯ ಹಾಗೆ ಒಪ್ಪಿಸಿದ ಮಾತುಗಳು! ಕಾಕಂಬಿ ಹುಳಿತರೆ ಏಳುವ ಗಾಳಿ ಜೋಳ ಹುಳಿತರೆ ಏಳದೆ ಇರುತ್ತದೆಯೇ? ಇವರ ಸೊಂಟದವರೆಗಿನ ಮೈ ಮೆಲ್ಲಗೆ ಒಳಗೆ ಜಾರುತ್ತಿತ್ತು. ನಾನು ಕಟ್ಟೆಯಿಂದ ಓಡುತ್ತ, ಎದೆ ಒಡೆಯುವ ಹಾಗೆ ಕೂಗಿದೆ: "ಇಂಗಾಲ! ಕಾಕಾ, ಇಂಗಾಲ ಹಿಡೀತು!"

ಏದುಸಿರಿಗೆ ನನ್ನ ಬಾಯಿಂದಲೇ 'ಹ' ಹೊರಟಿತೋ, ಕಾಕಾನ ಕಿವಿಯಲ್ಲಿ ಸೇರಿಕೊಂಡಿತೋ, ಇವತ್ತಿಗೂ ಗೊತ್ತಿಲ್ಲ. ಅವರಿಗೆ ಕೇಳಿಸಿದ್ದು "ಹಿಂಗಾಲ ಹಿಡಿ" ಎಂದು. ಯಾಕೆ, ಏನು ಎಂದು ಕೇಳುತ್ತ ನಿಲ್ಲಲಿಲ್ಲ. ಕಂಬಳಿ ಎಸೆದು ಒಂದೇ ನೆಗೆತಕ್ಕೆ ಬಂದು, ಓಡಿಹೋಗುವ ಟಗರನ್ನು ಹಿಡಿಯುವ ಹಾಗೆ, ಒಳಗೆ ಹೋಗುತ್ತಿದ್ದ ನನ್ನ ಗಂಡನ ಎರಡೂ ಕಾಲನ್ನು ಹಿಮ್ಮಡಿಯ ಮೇಲೆ ಗಪ್ಪನೆ ಹಿಡಿದು ಜಗ್ಗಿದರು. ನಾನೂ ಪಂಚೆ ಹಿಡಿದು ಎಳೆದೆ. ಇಬ್ಬರೂ ಸೇರಿ ಅವರನ್ನು ಹೊರಗೆಳೆದು ಅಂಗಾತ ಮಲಗಿಸಿದೆವು.

ಮುಖ ನೀಲಿಗಟ್ಟಿತ್ತು. ಕರೆದರೆ ಓ ಅನ್ನಲಿಲ್ಲ. ಹೆಸರು ಹಿಡಿದು ಕರೆದೆ. ಮದುವೆಯಾದ ಮೇಲೆ ಮೊದಲ ಸಲ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದು ಅವತ್ತೇ. ಕಾಕಾ ಎದೆ ತಿಕ್ಕುತ್ತ, "ಉಸರಾಡ್ರಿ ಗೌಡ್ರ, ಉಸರಾಡ್ರಿ" ಎನ್ನುತ್ತಿದ್ದರು. ಎಷ್ಟು ಹೊತ್ತಾಯಿತೋ, ಒಮ್ಮೆ ಜೋರಾಗಿ ಕೆಮ್ಮಿ ಕಣ್ಣು ಬಿಟ್ಟರು. "ತಲಿ ಗಿಮ್ ಅಂತೈತಿ" ಎಂದರು. ನಾನು ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತು ಹೋ ಎಂದು ಅತ್ತೆ.

ಅವರನ್ನು ಮುಧೋಳದ ಆಸ್ಪತ್ರೆಗೆ ಕರೆದೊಯ್ದು ಆಕ್ಸಿಜನ್ ಕೊಡಿಸಿದೆವು. ಇನ್ನೊಂದು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಮರುದಿನ ಮನೆಗೆ ಬಂದಾಗ ಬೀರಪ್ಪ ಕಾಕಾ ಹಿತ್ತಲಿನಲ್ಲಿ ಕುಳಿತಿದ್ದರು. ಮರಿ ಉಳಿಯಲಿಲ್ಲ. ಕೊಕ್ಕೆ ಕಟ್ಟಿದ ಕೋಲಿನಿಂದ ಅದನ್ನು ಹೊರಗೆ ತೆಗೆದು, ಬೇವಿನ ಗಿಡದ ಬುಡದಲ್ಲಿ ಹುಗಿದಿದ್ದರು. ಹಗೇವಿನ ಸುತ್ತ ಮುಳ್ಳಿನ ಕಂಟಿ ಹಾಕಿ, ಬೇರೆ ಕುರಿ, ಮಕ್ಕಳು ಹತ್ತಿರ ಹೋಗದಂತೆ ಇಡೀ ದಿನ ಕಾದಿದ್ದರು.

"ಕಾಕಾ, ನಿಮ್ಮ ಮರಿ ಹೋತು" ಎಂದೆ.

"ಮರಿ ಮತ್ತ ಹುಟ್ಟತಾವ್ರಿ ಅಕ್ಕೋರ. ಆದ್ರ ನೀವು ಹಿಂಗಾಲ ಹಿಡಿ ಅಂದಿದ್ದ ಛಲೋ ಆತು ನೋಡ್ರಿ. ಕೈ ಹಿಡಿ ಅಂದಿದ್ರ ನಾನೂ ಒಳಗ ತಲಿ ಹಾಕತಿದ್ದೆ."

ನಾನು ಹಾಗೆ ಅನ್ನಲಿಲ್ಲ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಆ ಮಾತನ್ನು ತಿದ್ದುವ ಧೈರ್ಯ ನನಗಿರಲಿಲ್ಲ.

ಈ ವರ್ಷ ಯಂತ್ರ ಕೂರಿಸುವ ಮೊದಲು ಕಾರ್ಖಾನೆಯವರು ಇನ್ನೊಮ್ಮೆ ಸಭೆ ಕರೆದರು. ನಾನೇ ಮೈಕಿನ ಮುಂದೆ. ಯಂತ್ರ ಬೇಡ ಎನ್ನುವ ಮನಸ್ಸು ನನಗಿರಲಿಲ್ಲ, ಈಗಲೂ ಇಲ್ಲ. ಬಿಟ್ಟ ಹೊಗೆಯನ್ನು ಯಾರಾದರೂ ಹಿಡಿಯಲೇಬೇಕಲ್ಲ. ಬಿಡುವುದನ್ನೂ ಕಡಿಮೆ ಮಾಡಬೇಕು, ಅದು ಕಬ್ಬಿನ ರವದಿ, ಅಂದರೆ ಒಣಗಿದ ಗರಿ ಸುಡುವ ನಮಗೂ ಅನ್ವಯಿಸುತ್ತದೆ. ಯಜಮಾನರು ಈ ಸಲ ರವದಿಗೆ ಬೆಂಕಿ ಹಚ್ಚಲಿಲ್ಲ, ಸಾಲಿನಲ್ಲೇ ಕೊಳೆಯಲು ಬಿಟ್ಟಿದ್ದಾರೆ. ಆದರೆ ಹೋದ ಸಲ ನಾನು ಚಹಾದ ಗದ್ದಲದಲ್ಲಿ ನುಂಗಿಬಿಟ್ಟ ಪ್ರಶ್ನೆಯನ್ನು ಈ ಸಲ ಎಲ್ಲಕ್ಕಿಂತ ಮೊದಲು ಇಂಜಿನಿಯರಿಗೆ ಕೇಳಿದೆ: "ಹಿಡಿದು ಇಟ್ಟ ಮೇಲೆ ಕಾಯುವವರು ಯಾರು?" ಅವರು ಗಾಳಿ ಸೋರಿದರೆ ಕೂಗುವ ಅಲಾರಾಮಿನ ಬಗ್ಗೆ, ಹಗಲು ರಾತ್ರಿ ಪಾಳಿಯಲ್ಲಿ ಇರುವ ಜನರ ಬಗ್ಗೆ ವಿವರವಾಗಿ ಹೇಳಿದರು. ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಬೀರಪ್ಪ ಕಾಕಾ ಕೊನೆಯವರೆಗೂ ನಿಂತುಕೊಂಡೇ ಕೇಳಿದರು, ಆಮೇಲೆ ಕುಳಿತರು.

ಈಗಲೂ ಬೆಳಿಗ್ಗೆ ಯಜಮಾನರು ಹೊಲಕ್ಕೆ ಹೊರಡಲು ಚಪ್ಪಲಿ ಮೆಟ್ಟುವಾಗ ನನ್ನ ಕಣ್ಣು ಅವರ ಹಿಮ್ಮಡಿಯ ಮೇಲೆಯೇ ಇರುತ್ತದೆ. "ಏನ್ ನೋಡತಿ?" ಎಂದು ಕೇಳುತ್ತಾರೆ.

"ಹಿಂಗಾಲ" ಎನ್ನುತ್ತೇನೆ.